ಚಂಚಿಯೊಳಗಿನ ಅಡಕತ್ತರಿ

ಪತ್ರಿಕೆಗಳ ತಲೆಬರಹಗಳಲ್ಲಿ ಸರಕಾರಗಳು, ಮಂತ್ರಿಗಳು, ಕೆಲವೊಮ್ಮೆ ರೈತರೂ ‘ಅಡಕತ್ತರಿ’ಯಲ್ಲಿ ಸಿಲುಕುತ್ತಲೇ ಇರುತ್ತಾರೆ. ಮಾತು ಇನ್ನೂ ಚಲಾವಣೆಯಲ್ಲಿದೆ, ಸಾಧನ ಮಾತ್ರ ಮರೆಯಾಗುತ್ತಿದೆ. ಹುಬ್ಬಳ್ಳಿ–ಧಾರವಾಡದ ಹಳೆಯ ಮನೆಗಳಲ್ಲಿ ಅಜ್ಜ ತೀರಿಕೊಂಡ ಮೇಲೆ ಅವನ ಎಲೆ ಚಂಚಿ ಗೂಟದಲ್ಲೇ ಉಳಿಯುತ್ತದೆ. ಅದರೊಳಗಿನ ಅಡಕತ್ತರಿ ಒಂದು ದಿನ ಒಡೆದ ತಂಬಿಗೆಯ ಜೊತೆ ಮೋಡಕಾ ಅಂಗಡಿಯ ತಕ್ಕಡಿ ಏರುತ್ತದೆ.

ಚಂಚಿ ಎಂದರೆ ನಾಲ್ಕೈದು ಕಿಸೆಗಳ ಬಟ್ಟೆಯ ಚೀಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು ಒಂದೊಂದರಲ್ಲಿ. ಅಡಕತ್ತರಿಗೆ ಒಂದು ಕಿಸೆ. ಮುಚ್ಚಿದಾಗ ಅಲಗು ಕೆಳಗಿನ ತೋಳಿನ ಮೇಲೆ ಕೂಡುವುದರಿಂದ ಬಟ್ಟೆ ಹರಿಯದು, ಕೈ ಕೊಯ್ಯದು. ಈ ಸೀಮೆಯ ಹಿರಿಯರಿಗೆ ಕಿಸೆಯ ಚಾಕು ಎಂದರೆ ಇದೇ ಎನ್ನಬಹುದು.

ತಾಂಬೂಲದ ಇತಿಹಾಸ ನಮ್ಮಲ್ಲಿ ಬಹಳ ಹಿಂದಕ್ಕೆ ಹೋಗುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅದನ್ನು ರಾಜನ ಭೋಗಗಳಲ್ಲಿ ಒಂದೆಂದು ವಿವರಿಸಿತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅರಮನೆಯ ವೀಳ್ಯದ ಬಗ್ಗೆ ಬೆರಗಿನಿಂದ ಬರೆದ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು, ‘ಸಂಚಿ’ಯನ್ನೇ ಹೆಸರಿಗೆ ಸೇರಿಸಿಕೊಂಡಳು. ಸಂಚಿಗೆ ಸಿಕ್ಕ ಮರ್ಯಾದೆ ಅಡಕತ್ತರಿಗೆ ಸಿಗಲಿಲ್ಲ. ಮೈಸೂರು ಕಡೆ ಅದು ಅಡಕೊತ್ತು. ಮರಾಠಿಯಲ್ಲಿ ಅಡಕಿತ್ತಾ; ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಹಿತ್ತಾಳೆಯ ಚಂದದ ಅಡಕಿತ್ತಾಗಳ ಸಂಗ್ರಹವಿದೆ. ಅಂಥವು ನಮ್ಮ ಮನೆಗಳಲ್ಲೂ ಇದ್ದವು, ಗಿಳಿ, ಕುದುರೆಗಳ ಆಕಾರದಲ್ಲಿ. ಆದರೆ ಹೆಚ್ಚಿನವು ಕಮ್ಮಾರ ಬಡಿದ ಸಾದಾ ಕಬ್ಬಿಣದವು.

ಹೆಸರಿನಲ್ಲಿ ಕತ್ತರಿ ಇದ್ದರೂ ಇದು ಕತ್ತರಿಯ ಜಾತಿಯದಲ್ಲ. ಕತ್ತರಿಯ ತಿರುಗುಮೊಳೆ ಅಲಗಿಗೂ ಹಿಡಿಕೆಗೂ ನಡುವೆ ಇರುತ್ತದೆ. ಇಲ್ಲಿ ಅದು ತುದಿಯಲ್ಲಿದೆ. ಅಡಿಕೆ ಮೊಳೆಯ ಹತ್ತಿರ, ಕೈ ದೂರ. ಆದ್ದರಿಂದಲೇ ಮುದುಕರ ಸೋತ ಮುಷ್ಟಿಯೂ ಕಲ್ಲಿನಂಥ ಅಡಿಕೆಯನ್ನು ಸೀಳುತ್ತಿತ್ತು. ಅಲಗು ಇರುವುದು ಮೇಲಿನ ತೋಳಿಗೆ ಮಾತ್ರ. ಕೆಳಗಿನದು ಅಡಿಕೆಯನ್ನು ಅಲ್ಲಾಡದಂತೆ ಹಿಡಿದುಕೊಡುತ್ತದೆ, ಅಷ್ಟೆ. ಎರಡೂ ಕಡೆಯಿಂದ ಕೊಯ್ಯಿಸಿಕೊಂಡೆವೆಂದು ಗೋಳಾಡುವ ರಾಜಕಾರಣಿಗಳು ಇದನ್ನು ಗಮನಿಸಬೇಕು.

ಶಿರಸಿಯಿಂದ ಘಟ್ಟದ ಅಡಿಕೆ ಈಗಲೂ ಬರುತ್ತದೆ. ಆದರೆ ಪೊಟ್ಟಣಗಳಲ್ಲಿ ಕತ್ತರಿಸಿದ ಸುಪಾರಿಯೇ ಬರತೊಡಗಿದ ಮೇಲೆ, ಅದರ ಬೆನ್ನಿಗೆ ಗುಟಕಾ ಬಂದ ಮೇಲೆ, ಅಡಕತ್ತರಿಗೆ ಕೆಲಸ ಉಳಿಯಲಿಲ್ಲ. ಗುಟಕಾವನ್ನು ರಾಜ್ಯ 2013ರಲ್ಲಿ ನಿಷೇಧಿಸಿತು. ಅಡಿಕೆ ಜಗಿಯುವುದೇ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿತ್ತು. ಚಟ ಬೇಡ, ಸರಿ. ಅದಕ್ಕಾಗಿ ಕಮ್ಮಾರನ ಕೆಲಸವನ್ನೂ ಮೋಡಕಾಕ್ಕೆ ಹಾಕಬೇಕಿಲ್ಲ.

ಉಳಿಸಿಕೊಳ್ಳುವವರು ಮಾಡುವ ಹಾನಿ ಬೇರೆ ತರಹದ್ದು. ಫಳಫಳ ಹೊಳೆಯಲೆಂದು ಉಸುಕಿನ ಕಾಗದದಿಂದ ತಿಕ್ಕಿದರೆ ಗಿಳಿಯ ಕಣ್ಣು, ರೆಕ್ಕೆಯ ಗೆರೆ ಎಲ್ಲ ಅಳಿಸಿಹೋಗುತ್ತವೆ. ಕಬ್ಬಿಣಕ್ಕೆ ಒಂದು ರಾತ್ರಿ ಸೀಮೆಎಣ್ಣೆಯ ನೆನೆ ಸಾಕು. ಕೆಂಪು ತುಕ್ಕನ್ನು ತೆಂಗಿನ ನಾರಿನಿಂದ ತೆಗೆಯಬೇಕು. ವರ್ಷಗಟ್ಟಲೆ ಕೈ ಆಡಿ ಕೂತ ಕಪ್ಪು ಹೊದಿಕೆಯನ್ನು ಮುಟ್ಟಬಾರದು, ಅದು ಲೋಹವನ್ನು ಕಾಯುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ಸರಿಯೇ. ಆದರೆ ಹಿತ್ತಾಳೆಯ ಅಡಕತ್ತರಿಯಲ್ಲೂ ಕೂಡಿಸಿದ ಅಲಗು ಉಕ್ಕಿನದು. ಹುಳಿ ತಾಗಿದರೆ ಅದು ತುಕ್ಕು ಹಿಡಿಯುತ್ತದೆ. ತೊಳೆದ ಕೂಡಲೇ ಒರೆಸಿ, ಸಂದಿಗೆ ಹೊಲಿಗೆ ಯಂತ್ರದ ಎಣ್ಣೆಯ ಎರಡು ಹನಿ ಬಿಡಬೇಕು.

ಮುಖ್ಯ ರೋಗ ಮೊಳೆಯದು. ಅದು ಸಡಿಲಾದರೆ ಅಲಗು ಪಕ್ಕಕ್ಕೆ ವಾಲುತ್ತದೆ. ಮೊಳೆಯ ತಲೆಯನ್ನು ಅಡಿಗಲ್ಲಿನ ಮೇಲಿಟ್ಟು ಮೆಲ್ಲಗೆ ತಟ್ಟಿದರೆ ಬಿಗಿಯಾಗುತ್ತದೆ; ಎರಕದ ಹಿತ್ತಾಳೆ ಜೋರು ಪೆಟ್ಟಿಗೆ ಸೀಳಬಹುದು, ಹಾಗಾಗಿ ಇದು ಕಮ್ಮಾರನಿಗೆ ಬಿಡುವ ಕೆಲಸ. ಸಾಣೆಯೂ ಕೈಯ ಕಲ್ಲಿನದೇ ಆಗಲಿ. ವಿದ್ಯುತ್ ಚಕ್ರದ ಬಿಸಿಗೆ ಉಕ್ಕಿನ ಹದ ಹೋಗುತ್ತದೆ. ಕೊನೆಗೆ ಗಟ್ಟಿ ಅಡಿಕೆಯೊಂದನ್ನಿಟ್ಟು ನೋಡುವುದು: ಪುಡಿಯಾದರೆ ಅಲಗು ಇನ್ನೂ ಮೊಂಡು, ತೆಳ್ಳಗಿನ ಹೋಳು ಬಿದ್ದರೆ ಅಡಕತ್ತರಿ ಮತ್ತೆ ಅಡಕತ್ತರಿಯಾಯಿತು.