ಅಪ್ಪ-ಅವ್ವನನ್ನು ಪರದೇಶಕ್ಕೆ ಕರೆಸಿಕೊಳ್ಳಬಹುದೇ? ಏಕಸಂಬಿಯಿಂದ ನೋಡಿದರೆ ಕಾಣುವ ಕಾನೂನು

ದೂಧಗಂಗಾ ನದಿಯ ದಂಡೆಯ ಏಕಸಂಬಿಯಿಂದ ಮಹಾರಾಷ್ಟ್ರ ಕೂಗಳತೆ ದೂರ. ಇಲ್ಲಿಯವರಿಗೆ ಗಡಿ ದಾಟೋದು ಒಂದು ಸಂಗತಿಯೇ ಅಲ್ಲ. ದೊಡ್ಡ ಕಾಯಿಲೆ ಬಂದರೆ ಮೀರಜ್, ಮದುವೆ ಬಟ್ಟೆಗೆ ಕೊಲ್ಹಾಪುರ, ಮಗಳನ್ನು ಕೊಟ್ಟಿದ್ದು ಇಚಲಕರಂಜಿಗೆ. ಯಾರೂ ಕಾಗದ ಕೇಳುವುದಿಲ್ಲ. ಆದರೆ ಅದೇ ಮನೆಯ ಮಗ ಪುಣೆಯಲ್ಲಿ ನೌಕರಿ ಹಿಡಿದು, ಅಲ್ಲಿಂದ ಡಲ್ಲಾಸ್‌ಗೋ ಟೊರಾಂಟೊಗೋ ಹೋದ ಮೇಲೆ, ಒಂದು ರಾತ್ರಿ ವಿಡಿಯೊ ಕಾಲ್‌ನಲ್ಲಿ "ಅವ್ವಾ, ನೀವಿಬ್ರೂ ಇಲ್ಲಿಗೇ ಬಂದಬಿಡ್ರಿ" ಅಂದಾಗ ವಿಷಯ ಬದಲಾಗುತ್ತದೆ. ಅಪ್ಪನಿಗೆ ಪಾರ್ಶ್ವವಾಯು, ಅವ್ವನಿಗೆ ಮೊಣಕಾಲು ನೋವು, ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಗ ಕರೆದಿದ್ದು ನಿಜ. ಅವನು ಇರುವ ದೇಶ ಕರೆಯುತ್ತದೆಯೇ?

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಗಂಡ, ಹೆಂಡತಿ, ಸಣ್ಣ ಮಕ್ಕಳನ್ನು 'ಕುಟುಂಬ' ಎಂದು ಒಪ್ಪುವ ಶ್ರೀಮಂತ ದೇಶಗಳು ಅಪ್ಪ-ಅವ್ವನ ವಿಷಯ ಬಂದ ಕೂಡಲೇ ಲೆಕ್ಕದ ಪುಸ್ತಕ ತೆಗೆಯುತ್ತವೆ. ಲೆಕ್ಕ ಹಾಕುವ ರೀತಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ.

ಅಮೆರಿಕ: ಬಾಗಿಲು ದೊಡ್ಡದು, ಅಂಗಳ ಅದಕ್ಕಿಂತ ದೊಡ್ಡದು

ಚಿಕ್ಕೋಡಿಗೂ ಅಮೆರಿಕದ ರಾಜಕಾರಣಕ್ಕೂ ನೇರ ನಂಟಿದೆ. 1955ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, 1979ರಲ್ಲಿ ಅಲ್ಲಿಗೆ ಓದಲು ಹೋದ ಶ್ರೀ ಥಾಣೇದಾರ್ 2022ರ ಚುನಾವಣೆಯಲ್ಲಿ ಮಿಷಿಗನ್‌ನಿಂದ ಅಲ್ಲಿನ ಜನಪ್ರತಿನಿಧಿಗಳ ಸಭೆಗೆ ಗೆದ್ದರು. ಆ ತಲೆಮಾರು ಹೋಗಲು ದಾರಿ ಮಾಡಿಕೊಟ್ಟಿದ್ದು 1965ರ ವಲಸೆ ಕಾಯ್ದೆ. ಏಷ್ಯಾದವರನ್ನು ಹೊರಗಿಟ್ಟಿದ್ದ ಹಳೆಯ ಕೋಟಾ ಪದ್ಧತಿಯನ್ನು ಕಿತ್ತುಹಾಕಿದ ಆ ಕಾಯ್ದೆ, 21 ವರ್ಷ ತುಂಬಿದ ಅಮೆರಿಕನ್ ಪ್ರಜೆಯ ತಂದೆ-ತಾಯಿಯನ್ನು ವಾರ್ಷಿಕ ಮಿತಿಯಿಂದಲೇ ಹೊರಗಿಟ್ಟಿತು. ಅಂದರೆ ಅವರಿಗೆ ಕ್ಯೂ ಇಲ್ಲ. ಅರ್ಜಿ, ದಾಖಲೆ, ಸಂದರ್ಶನ ಮುಗಿಯಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ, ಅಷ್ಟೇ.

ಹಾಗಾದರೆ ತೊಡಕು ಎಲ್ಲಿ? 'ಪ್ರಜೆ' ಎಂಬ ಪದದಲ್ಲಿ. ಎಚ್-1ಬಿ ವೀಸಾದಲ್ಲಿರುವ ಎಂಜಿನಿಯರ್ ಹೆಂಡತಿ-ಮಕ್ಕಳನ್ನು ಕರೆದೊಯ್ಯಬಹುದು, ಅಪ್ಪ-ಅವ್ವನನ್ನಲ್ಲ. ಗ್ರೀನ್ ಕಾರ್ಡ್ ಬಂದರೂ ಆಗುವುದಿಲ್ಲ. ಪೌರತ್ವ ಸಿಕ್ಕ ಮೇಲೆಯೇ ಅರ್ಜಿ. ಈಗ ಲೆಕ್ಕ ಹಾಕಿ. ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲ ಎಂಬ ನಿಯಮದಿಂದಾಗಿ ಭಾರತೀಯರ ಗ್ರೀನ್ ಕಾರ್ಡ್ ಸಾಲು ಹನುಮಂತನ ಬಾಲ. ಇಬಿ-2 ಎಂಬ ವರ್ಗದಲ್ಲಿ 2025ರಲ್ಲಿ ಸರದಿ ಬಂದಿದ್ದು 2013ರ ಆಸುಪಾಸಿನಲ್ಲಿ ಸಾಲಿಗೆ ನಿಂತವರಿಗೆ. ಅಲ್ಲಿಗೆ 12 ವರ್ಷ. ಗ್ರೀನ್ ಕಾರ್ಡ್‌ನಿಂದ ಪೌರತ್ವಕ್ಕೆ ಇನ್ನೂ 5 ವರ್ಷ. ಆಮೇಲೆ ಅಪ್ಪ-ಅವ್ವನ ಅರ್ಜಿ. ಮಗ ಸಾಲಿಗೆ ನಿಂತಾಗ 58 ವರ್ಷದವನಾಗಿದ್ದ ಅಪ್ಪ, ವೀಸಾ ಸಂದರ್ಶನಕ್ಕೆ ಹೋಗುವ ಹೊತ್ತಿಗೆ 76 ದಾಟಿರುತ್ತಾನೆ. ಬದುಕಿದ್ದರೆ.

ಇಲ್ಲೇ ಇನ್ನೊಂದು ವಿಚಿತ್ರ ಇದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಹಾಗಾಗಿ ಹೆತ್ತವರನ್ನು ಕರೆಸಿಕೊಳ್ಳಬೇಕೆಂದರೆ ಮಗ ಮೊದಲು ಹೆತ್ತವರ ದೇಶದ ಪೌರತ್ವ ಬಿಡಬೇಕು. ಒಸಿಐ ಕಾರ್ಡ್ ಸಿಗುತ್ತದೆ, ಆದರೆ ಅದರಲ್ಲಿ ಮತದಾನದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವ ಹಕ್ಕೂ ಇಲ್ಲ. ಪಿತ್ರಾರ್ಜಿತವಾಗಿ ಬಂದ ಕಬ್ಬಿನ ಗದ್ದೆ ಇಟ್ಟುಕೊಳ್ಳಬಹುದು, ಮಾರುವುದಾದರೆ ಭಾರತದಲ್ಲಿ ವಾಸಿಸುವವರಿಗೆ ಮಾತ್ರ. ಇದನ್ನು ಊರಲ್ಲಿ ಹೇಳಿದರೆ, "ಅಂದ್ರ ಹೊಲಾನೂ ನಮ್ದು, ಮಗನೂ ನಮ್ಮವ, ಆದ್ರ ಎರಡೂ ಒಂದ ಕಡೆ ಸೇರಂಗಿಲ್ಲ ಅಂತೀರೇನ?" ಅನ್ನುತ್ತಾರೆ. ಹೆಚ್ಚುಕಡಿಮೆ ಹೌದು.

ಹಣದ ಶರತ್ತು ಐ-864 ಎಂಬ ಒಪ್ಪಂದದಲ್ಲಿದೆ. ಕರೆಸಿಕೊಳ್ಳುವ ಮಗ ಅಥವಾ ಮಗಳ ಆದಾಯ, ಬರುವವರನ್ನೂ ಸೇರಿಸಿದ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಬಡತನ ರೇಖೆಯ ಶೇ. 125ರಷ್ಟಿರಬೇಕು. ಗಂಡ-ಹೆಂಡತಿ, ಎರಡು ಮಕ್ಕಳು, ಅಪ್ಪ-ಅವ್ವ ಸೇರಿ ಆರು ಜನಕ್ಕೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 54 ಸಾವಿರ ಡಾಲರ್. ಐಟಿಯವರಿಗೆ ಇದು ಕಷ್ಟವಲ್ಲ. ಟ್ರಕ್ ಓಡಿಸುವವರಿಗೆ, ಅಂಗಡಿಯಲ್ಲಿ ನಿಲ್ಲುವವರಿಗೆ ಕಷ್ಟ. ಜನ ಇದನ್ನು ಬರೀ ಒಂದು ಫಾರ್ಮ್ ಅಂದುಕೊಳ್ಳುತ್ತಾರೆ. ಅಲ್ಲ, ಅದು ಕೋರ್ಟಿನಲ್ಲಿ ಜಾರಿ ಮಾಡಬಹುದಾದ ಕರಾರು. ಬಂದವರು ಪೌರರಾಗುವ ತನಕ, ಅಥವಾ ಸುಮಾರು 10 ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರುವ ತನಕ, ಅಥವಾ ಕಾಯಂ ಆಗಿ ದೇಶ ಬಿಡುವ ಇಲ್ಲವೇ ತೀರಿಕೊಳ್ಳುವ ತನಕ ಹೊಣೆ ಹೆಗಲ ಮೇಲೇ. 76ರ ಮುದುಕ ಎಲ್ಲಿ 10 ವರ್ಷ ದುಡಿಯುತ್ತಾನೆ?

ನಿಜವಾದ ಪೆಟ್ಟು ಬೀಳುವುದು ಆಸ್ಪತ್ರೆಯಲ್ಲಿ. 65 ದಾಟಿದವರಿಗಿರುವ ಮೆಡಿಕೇರ್ ವಿಮೆಯನ್ನು ಅಲ್ಲಿ ದುಡಿದ ದಾಖಲೆ ಇಲ್ಲದ ಹೊಸಬರು ದುಡ್ಡು ಕೊಟ್ಟು ಕೊಳ್ಳಬೇಕೆಂದರೂ 5 ವರ್ಷ ಸತತವಾಗಿ ವಾಸವಾಗಿರಬೇಕು. ಬಡವರಿಗಿರುವ ಮೆಡಿಕೇಡ್‌ಗೂ 1996ರ ಕಾಯ್ದೆ ಬಹುಪಾಲು ಹೊಸ ವಲಸಿಗರಿಗೆ 5 ವರ್ಷದ ತಡೆ ಹಾಕಿದೆ. ಅಲ್ಲಿಯ ತನಕ ಖಾಸಗಿ ವಿಮೆ. ಇನ್ನೂ ಒಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ರಾತ್ರಿ ಎದ್ದು ಕೂರಿಸುವುದು ಇಂಥ ದೀರ್ಘಕಾಲದ ಆರೈಕೆಯನ್ನು ಮೆಡಿಕೇರ್ ಕೂಡ ಭರಿಸುವುದಿಲ್ಲ. ಪಾರ್ಶ್ವವಾಯುವಾದ ಅಪ್ಪನಿಗೆ ಬೇಕಾಗಿರುವುದು ಅದೇ.

2017ರಲ್ಲಿ ಇಬ್ಬರು ರಿಪಬ್ಲಿಕನ್ ಸೆನೆಟರ್‌ಗಳು ತಂದ ರೈಸ್ ಮಸೂದೆ ಹೆತ್ತವರ ಈ ದಾರಿಯನ್ನೇ ಮುಚ್ಚಿ, 5 ವರ್ಷದ ತಾತ್ಕಾಲಿಕ ವೀಸಾ ಕೊಡಲು ಹೊರಟಿತ್ತು. ಪಾಸಾಗಲಿಲ್ಲ. ಆದರೆ 'ಸರಪಳಿ ವಲಸೆ' ಎಂಬ ಪದ ಚಲಾವಣೆಯಲ್ಲೇ ಉಳಿದಿದೆ. ಹೆತ್ತ ತಾಯಿ ಸರಪಳಿಯ ಕೊಂಡಿಯಾಗಿದ್ದು ಹೀಗೆ.

ಕೆನಡಾ: ಚೀಟಿ ಎತ್ತುವ ಆಟ

ಕೆನಡಾದಲ್ಲಿ ಪೌರತ್ವ ಬೇಡ, ಕಾಯಂ ನಿವಾಸಿಯಾದರೆ ಸಾಕು. ಆದರೆ ಬೇಡಿಕೆ ಹೆಚ್ಚು, ಜಾಗ ಕಡಿಮೆ. 2011ರ ನವೆಂಬರ್‌ನಲ್ಲಿ ಹೊಸ ಅರ್ಜಿಗಳನ್ನೇ ನಿಲ್ಲಿಸಿ, 2014ರಲ್ಲಿ 5,000 ಅರ್ಜಿಗಳ ಮಿತಿಯೊಂದಿಗೆ ಮತ್ತೆ ತೆರೆದರು. 2017ರಿಂದ ಲಾಟರಿ ಬಂತು. 2020ರಲ್ಲಿ ಹೆಸರು ನೋಂದಾಯಿಸಿದವರ ಪಟ್ಟಿಯಿಂದಲೇ 2025ರ ತನಕವೂ ಚೀಟಿ ಎತ್ತಿದರು. 2021ರಲ್ಲಿ ಅಲ್ಲಿಗೆ ಹೋದ ಹುಡುಗಿಗೆ ತನ್ನ ಹೆಸರನ್ನು ಡಬ್ಬಿಗೆ ಹಾಕುವ ಅವಕಾಶವೇ ಸಿಗಲಿಲ್ಲ. ಆಯ್ಕೆಯಾದವರು ಮೂರು ವರ್ಷದ ಆದಾಯ ತೋರಿಸಬೇಕು, ಕ್ವಿಬೆಕ್ ಬಿಟ್ಟು ಉಳಿದ ಕಡೆ 20 ವರ್ಷ ಹೊಣೆ ಹೊರುತ್ತೇನೆಂದು ಬರೆದುಕೊಡಬೇಕು.

ಅಂಗವಿಕಲ ಹೆತ್ತವರಿಗೆ ಇಲ್ಲಿ ಇನ್ನೊಂದು ಜರಡಿ. ಆರೋಗ್ಯ ವ್ಯವಸ್ಥೆಯ ಮೇಲೆ 'ಮಿತಿಮೀರಿದ ಹೊರೆ' ಆಗುತ್ತಾರೆ ಅನ್ನಿಸಿದರೆ ನಿರಾಕರಿಸಬಹುದು. ಗಂಡ-ಹೆಂಡತಿ, ಸಣ್ಣ ಮಕ್ಕಳಿಗೆ ಇದರಿಂದ ವಿನಾಯಿತಿ ಇದೆ, ತಂದೆ-ತಾಯಿಗಿಲ್ಲ. 2018ರಲ್ಲಿ ಹೊರೆಯ ಮಿತಿಯನ್ನು ಮೂರು ಪಟ್ಟು ಏರಿಸಿದ್ದರಿಂದ ಬಿಗಿ ಸ್ವಲ್ಪ ಸಡಿಲವಾಗಿದೆ.

ಹೀಗಾಗಿ ಹೆಚ್ಚಿನವರು ಹಿಡಿಯುವುದು 2011ರಲ್ಲಿ ಶುರುವಾದ ಸೂಪರ್ ವೀಸಾ. 10 ವರ್ಷ ಬಾಳಿಕೆ, 2022ರ ಜುಲೈನಿಂದ ಒಂದು ಸಲ ಹೋದರೆ 5 ವರ್ಷದ ತನಕ ಇರಬಹುದು. ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ರಕ್ಷಣೆಯ ವಿಮೆ ಕಡ್ಡಾಯ. ಮೊದಲೇ ಇರುವ ಕಾಯಿಲೆಗೆ ಆ ವಿಮೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಓದಿಕೊಂಡೇ ಸಹಿ ಹಾಕಿ.

ಬ್ರಿಟನ್, ಆಸ್ಟ್ರೇಲಿಯಾ, ಜರ್ಮನಿ

ಬ್ರಿಟನ್ನಿನದು ನನ್ನ ಪ್ರಕಾರ ಎಲ್ಲಕ್ಕಿಂತ ಕಪಟದ ನಿಯಮ. 2012ರ ಜುಲೈ ತನಕ 65 ದಾಟಿದ, ಮಕ್ಕಳನ್ನೇ ನಂಬಿದ ಹೆತ್ತವರು ಹೋಗಬಹುದಿತ್ತು. ಆಮೇಲೆ ಬಂದ ನಿಯಮದ ಪ್ರಕಾರ ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದಿಂದ ದಿನನಿತ್ಯದ ಕೆಲಸಕ್ಕೂ ಬೇರೆಯವರ ಆಸರೆ ಬೇಕಿರಬೇಕು. ಜೊತೆಗೆ, ಮಕ್ಕಳು ದುಡ್ಡು ಕಳಿಸಿದರೂ ಆ ಆರೈಕೆ ಸ್ವದೇಶದಲ್ಲಿ ಸಿಗಲ್ಲ ಎಂದು ಸಾಬೀತು ಮಾಡಬೇಕು. ಅಂದರೆ ಲಂಡನ್ನಿನ ಮಗಳು ಏಕಸಂಬಿಯಲ್ಲಿ ಆಳಿಟ್ಟು ನೋಡಿಕೊಳ್ಳುವಷ್ಟು ದುಡಿದರೆ 'ಅಲ್ಲೇ ನೋಡಿಕೋ' ಎನ್ನುತ್ತಾರೆ. ಅಷ್ಟು ದುಡಿಯದಿದ್ದರೆ ಇಲ್ಲಿ ಹೇಗೆ ಸಾಕುತ್ತೀ ಎನ್ನುತ್ತಾರೆ. ನಿಯಮವನ್ನು ಬ್ರಿಟ್‌ಸಿಟ್ಸ್ ಸಂಘಟನೆ ಪ್ರಶ್ನಿಸಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಆದರೂ ತೀರ್ಪಿನಲ್ಲಿ ಒಂದು ಕಿಂಡಿ ಉಳಿದಿದೆ: ಆರೈಕೆ ಎಂದರೆ ಬರೀ ಊಟ-ಔಷಧಿಯಲ್ಲ, ಮಾನಸಿಕ, ಭಾವನಾತ್ಮಕ ಅಗತ್ಯವನ್ನೂ ನೋಡಬೇಕು.

ಆಸ್ಟ್ರೇಲಿಯಾ ದುಡ್ಡಿನ ಮಾತನ್ನು ಮುಚ್ಚುಮರೆಯಿಲ್ಲದೆ ಆಡುತ್ತದೆ. ಅಗ್ಗದ ಹೆತ್ತವರ ವೀಸಾಕ್ಕೆ ಸುಮಾರು 30 ವರ್ಷ ಕಾಯಬೇಕು. 70 ವರ್ಷದವರಿಗೆ 30 ವರ್ಷದ ಸಾಲು ಎಂದರೆ ಇಲ್ಲ ಎನ್ನುವ ಸಭ್ಯ ವಿಧಾನ. ದುಬಾರಿ ವೀಸಾಕ್ಕೆ ಒಬ್ಬೊಬ್ಬರಿಗೂ 40 ಸಾವಿರ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಕಟ್ಟಬೇಕು, ಅದಕ್ಕೂ ವರ್ಷಗಟ್ಟಲೆ ಸಾಲು. ಇವೆಲ್ಲಕ್ಕೂ ಮೊದಲು 'ಕುಟುಂಬ ಸಮತೋಲನ' ಪರೀಕ್ಷೆ: ಕನಿಷ್ಠ ಅರ್ಧದಷ್ಟು ಮಕ್ಕಳು ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶಕ್ಕಿಂತ ಅಲ್ಲೇ ಹೆಚ್ಚು ಮಕ್ಕಳಿರಬೇಕು. ಒಬ್ಬ ಮಗ ಮೆಲ್ಬರ್ನ್‌ನಲ್ಲಿ, ಒಬ್ಬ ಮಗಳು ನಿಪ್ಪಾಣಿಯಲ್ಲಿ, ಇನ್ನೊಬ್ಬಳು ಸಾಂಗ್ಲಿಯಲ್ಲಿ ಇದ್ದರೆ ಫೇಲು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅಪ್ಪ-ಅವ್ವನನ್ನು ಇಟ್ಟುಕೊಳ್ಳುವ ಸ್ಥಿತಿಯಲ್ಲಿದ್ದಾರೋ ಇಲ್ಲವೋ ಯಾರೂ ಕೇಳುವುದಿಲ್ಲ. ಅಲ್ಲಿನ ಉತ್ಪಾದಕತಾ ಆಯೋಗ 2016ರಲ್ಲಿ ಒಬ್ಬ ಪೋಷಕರು ಜೀವಮಾನದಲ್ಲಿ ಸರ್ಕಾರಕ್ಕೆ 3.35 ಲಕ್ಷದಿಂದ 4.1 ಲಕ್ಷ ಡಾಲರ್ ಖರ್ಚು ತರುತ್ತಾರೆ ಎಂದು ಲೆಕ್ಕ ಕೊಟ್ಟಿತ್ತು. ಬಾಣಂತನಕ್ಕೆ ಹೋಗಿ, ಮೊಮ್ಮಗುವನ್ನು ವರ್ಷಗಟ್ಟಲೆ ಎತ್ತಾಡಿಸಿ, ಸೊಸೆ ನೌಕರಿಗೆ ಮರಳುವಂತೆ ಮಾಡುವ ಅತ್ತೆಯ ಕೂಲಿಯನ್ನು ಇಂಥ ಲೆಕ್ಕಗಳು ಯಾವ ಕಾಲಮ್ಮಿನಲ್ಲಿ ಬರೆಯುತ್ತವೆ?

ಜರ್ಮನಿ ಮಾತ್ರ ಇತ್ತೀಚೆಗೆ ತುಸು ತೆರೆದಿದೆ. 2024ರ ಮಾರ್ಚ್ 1ರ ನಂತರ ಮೊದಲ ಬಾರಿ ಪರವಾನಗಿ ಪಡೆದ ಕುಶಲ ಕೆಲಸಗಾರರು ಹೆತ್ತವರನ್ನು ಕರೆಸಿಕೊಳ್ಳಬಹುದು. ಆದರೆ ಆರೋಗ್ಯ ವಿಮೆ ತಾವೇ ಒದಗಿಸಬೇಕು. ವಯಸ್ಸಾದವರಿಗೆ ವಿಮೆ ಹುಡುಕುವುದರಲ್ಲೇ ಹಲವರು ಸೋಲುತ್ತಾರೆ.

ಕಾಗದ-ಪತ್ರ: ಜೂನ್ 1ರಂದು ಹುಟ್ಟಿದ ಊರು

ಯಾವ ದೇಶವಾದರೂ ಮೊದಲು ಕೇಳುವುದು ಮಗ-ತಾಯಿಯ ಸಂಬಂಧದ ಪುರಾವೆ. ನಮ್ಮ ಭಾಗದಲ್ಲಿ ಎಡವುವುದು ಇಲ್ಲೇ. ಜನನ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಅಪ್ಪನ ಶಾಲೆ ದಾಖಲೆ ಮರಾಠಿಯಲ್ಲಿ, ಆಧಾರ್ ಕನ್ನಡದಲ್ಲಿ, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿ, ಮೂರರಲ್ಲೂ ಅಡ್ಡಹೆಸರಿನ ಕಾಗುಣಿತ ಬೇರೆ. ಅವ್ವನ ಹೆಸರನ್ನೇ ಮದುವೆಯಲ್ಲಿ ಬದಲಿಸಿರುತ್ತಾರೆ. ಹುಟ್ಟಿದ ದಿನ ಕೇಳಿದರೆ ಅರ್ಧ ಊರಿನದು ಜೂನ್ 1, ಹೆಡ್‌ಮಾಸ್ತರರ ಕೃಪೆ.

ಜನನ ಪತ್ರ ಇಲ್ಲದಿದ್ದರೆ ನೋಂದಣಾಧಿಕಾರಿಯಿಂದ 'ಲಭ್ಯವಿಲ್ಲ' ಎಂಬ ಪ್ರಮಾಣಪತ್ರ, ಜೊತೆಗೆ ಶಾಲೆಯ ದಾಖಲೆ, ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್ ಒದಗಿಸಬಹುದು. ಆ ಹಿರಿಯರು ಇರುವಾಗಲೇ ಮಾಡಿಸಿಡಿ. ಅಮೆರಿಕದ ವಲಸೆ ವೀಸಾದ ಸಂದರ್ಶನ ಮುಂಬೈಯಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದಾಗ ವೀಸಾ ಕೆಲಸ ಅಲ್ಲಿ ಶುರುವಾಗಿರಲಿಲ್ಲ. ಏಕಸಂಬಿಯವರಿಗಂತೂ ಮುಂಬೈಯೇ ಹತ್ತಿರ.

ಗ್ರೀನ್ ಕಾರ್ಡ್ ಸಿಕ್ಕ ಮೇಲೆ ವರ್ಷಗಟ್ಟಲೆ ಊರಲ್ಲೇ ಉಳಿದರೆ ಅದು ಹೋಗುತ್ತದೆ. 6 ತಿಂಗಳು ದಾಟಿದರೆ ಪ್ರಶ್ನೆ ಕೇಳುತ್ತಾರೆ, ಮುಂಚೆ ಅನುಮತಿ ಪಡೆಯದೆ 1 ವರ್ಷ ದಾಟಿದರೆ ಕುತ್ತು. ಕಬ್ಬು ಕಡಿಯುವ ಹಂಗಾಮಿಗೆ ಬಂದು, ಕಾರ್ಖಾನೆ ಬಿಲ್ಲು ಕೈಗೆ ಬರುವ ತನಕ ಕೂತರೆ ಎಷ್ಟು ತಿಂಗಳಾಗುತ್ತದೆಂದು ರೈತರಿಗೆ ಹೇಳಬೇಕಿಲ್ಲ.

ಹೋಗಲಾಗದವರು

ಮನೆಯಲ್ಲಿ ಬುದ್ಧಿಮಾಂದ್ಯ ತಂಗಿಯೊಬ್ಬಳಿದ್ದಾಳೆ ಅಂದುಕೊಳ್ಳಿ. ಅವಳನ್ನು ನೋಡಿಕೊಳ್ಳುತ್ತಿರುವುದು ಅಪ್ಪ-ಅವ್ವ. ಅಮೆರಿಕದ ಪೋಷಕ ವೀಸಾ ತಂದೆಗೊಂದು, ತಾಯಿಗೊಂದು. ಜೊತೆಗೆ ಮತ್ತೊಬ್ಬರನ್ನು ಸೇರಿಸಲಾಗದು. ತಂಗಿಗಾಗಿ ಅಣ್ಣ ಬೇರೆ ಅರ್ಜಿ ಹಾಕಬಹುದು, ಆದರೆ ಆ ಒಡಹುಟ್ಟಿದವರ ಸಾಲಿನಲ್ಲಿ ಭಾರತೀಯರು ಕಾಯುವುದು ಹತ್ತಿರಹತ್ತಿರ 20 ವರ್ಷ. ಕೆನಡಾದಲ್ಲಿ ಹಾಗಲ್ಲ, 22 ವರ್ಷಕ್ಕೆ ಮೊದಲಿಂದಲೂ ಅಂಗವೈಕಲ್ಯದಿಂದ ಹೆತ್ತವರನ್ನೇ ಅವಲಂಬಿಸಿದ ಮಕ್ಕಳನ್ನು ಅದೇ ಅರ್ಜಿಯಲ್ಲಿ ಸೇರಿಸಬಹುದು. ಇಂಥ ಮಕ್ಕಳಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರುತ್ತದೆ. ಬೆಳಗಾವಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅಪ್ಪ-ಅವ್ವ ವಿಮಾನ ಹತ್ತುವ ಮೊದಲು ಆಗಬೇಕಾದ ಕೆಲಸ ಇದು.

ಅಪ್ಪ-ಅವ್ವ ಬರಲೊಲ್ಲೆ ಎಂದರೆ? ಬಹಳ ಮಂದಿ ಹಾಗೇ ಅನ್ನುತ್ತಾರೆ. "ಅಲ್ಲಿ ನಾಕ ಗ್ವಾಡಿ ನಡುವ ಕೂತು ಏನ ಮಾಡೂನು?" ಎಂಬ ಪ್ರಶ್ನೆಗೆ ಯಾವ ದೂತಾವಾಸದ ಬಳಿಯೂ ಉತ್ತರ ಇಲ್ಲ. ಅವರಿಗೆ ಇಲ್ಲಿ ಇರುವ ಆಸರೆ 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆ. ಅದು ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ ಎಂದು ಮೊದಲ ಸೆಕ್ಷನ್ನಿನಲ್ಲೇ ಇದೆ. ಆದರೆ ಮಗ ಪೌರತ್ವ ಬದಲಿಸಿದ್ದರೆ ಆ ಮಾತು ಅವನನ್ನು ಮುಟ್ಟುವುದಿಲ್ಲ. ಜೀವನಾಂಶದ ಮಿತಿ ತಿಂಗಳಿಗೆ 10 ಸಾವಿರ ರೂಪಾಯಿ, 2007ರಲ್ಲಿ ಬರೆದ ಮೊತ್ತ. ನೋಡಿಕೊಳ್ಳುತ್ತೇನೆಂಬ ಶರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲು ಸೆಕ್ಷನ್ 23 ಇದೆ. ದಾನಪತ್ರ ಮಾಡುವಾಗ ಆ ಶರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ, ಏಕಸಂಬಿಯವರಿಗೆ ಅದು ಚಿಕ್ಕೋಡಿಯಲ್ಲಿದೆ. ಹಿರಿಯರ ಸಹಾಯವಾಣಿ 14567.