ಪಠ್ಯದಲ್ಲಿಲ್ಲದ ಇತಿಹಾಸ – ಭಾಗ 7: ಟ್ರಂಕಿನಲ್ಲಿದ್ದ ಪತ್ರ

ನಮ್ಮ ದೊಡ್ಡಪ್ಪ ಸೇನೆಯಿಂದ ತಂದ ಕಬ್ಬಿಣದ ಟ್ರಂಕಿನ ತಳದಲ್ಲಿ ಒಂದು ಇಂಗ್ಲಿಷ್ ಪತ್ರ ಇದೆ. ಸಾರ ಇಷ್ಟೇ: ನಿಮ್ಮ ಕಾಯಿಲೆಗೆ ಸೇವೆ ಕಾರಣ ಅಲ್ಲ, ಸೇವೆಯಿಂದ ಅದು ಹೆಚ್ಚಾಗಿಯೂ ಇಲ್ಲ. ಒಪ್ಪಿಗೆ ಇಲ್ಲದಿದ್ರೆ ಆರು ತಿಂಗಳೊಳಗೆ ಮೇಲ್ಮನವಿ ಹಾಕಿ. ಆ ಕೊನೇ ಸಾಲು ಮನೇಲಿ ಯಾರಿಗೂ ಅರ್ಥ ಆಗ್ಲಿಲ್ಲ. ಆರು ತಿಂಗಳು ಕಳೆದೇ ಹೋಯ್ತು.

ಇಂಥ ಪತ್ರ ಎಷ್ಟೋ ಸೈನಿಕರ ಮನೇಲಿದೆ. ಅದರ ಇತಿಹಾಸ ಕೇಳಿ 👇

📌 1982ರ ನಿಯಮ
ಕಾಯಿಲೆಯಿಂದ ಸೇನೆ ಬಿಡಬೇಕಾಗಿ ಬಂದವರಿಗೆ ಅಂಗವೈಕಲ್ಯ ಪಿಂಚಣಿ ಸಿಗಲು ಎರಡು ಷರತ್ತು. ಕಾಯಿಲೆ ಸೇವೆಯಿಂದ ಬಂದಿರಬೇಕು ಇಲ್ಲವೇ ಹೆಚ್ಚಾಗಿರಬೇಕು, ಅಂಗವೈಕಲ್ಯ ಕನಿಷ್ಠ 20% ಇರಬೇಕು. ಆದ್ರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇತ್ತು: ಸೇರುವಾಗ ಕಾಯಿಲೆ ದಾಖಲಾಗಿಲ್ಲ ಅಂದ್ರೆ ಆಗ ಆತ ಆರೋಗ್ಯವಾಗಿದ್ದ ಅಂತಲೇ ಭಾವಿಸಬೇಕು. ಕಚೇರಿಗಳು ಇದನ್ನ ಮರೆತಂತೆ ನಡ್ಕೊಂಡವು.

📌 2013, ಧರ್ಮವೀರ್ ಸಿಂಗ್ ಪ್ರಕರಣ
1985ರಲ್ಲಿ ಸಿಗ್ನಲ್ಸ್ ದಳ ಸೇರಿದ ಸಿಪಾಯಿ. ಮೂರ್ಛೆರೋಗ, 20% ಅಂಗವೈಕಲ್ಯ ಅಂತ 1994ರಲ್ಲಿ ಮನೆಗೆ ಕಳಿಸಿದ್ರು, ಪಿಂಚಣಿ ಇಲ್ಲ. ಸುಪ್ರೀಂ ಕೋರ್ಟ್ ಆ ಮರೆತ ಮಾತನ್ನೇ ಎತ್ತಿ ಹಿಡೀತು. ಸಾಬೀತು ಮಾಡೋ ಹೊಣೆ ಸೈನಿಕನದಲ್ಲ. ಸೇವೆಗೂ ಕಾಯಿಲೆಗೂ ಸಂಬಂಧ ಇಲ್ಲ ಅನ್ನೋದಾದ್ರೆ ವೈದ್ಯಕೀಯ ಮಂಡಳಿ ಕಾರಣ ಬರೀಬೇಕು. ಗೆದ್ದರು, 19 ವರ್ಷದ ನಂತರ.

📌 2008, ತರ್ಸೇಮ್ ಸಿಂಗ್ ಪ್ರಕರಣ
ಬಿಕಾಂನವರೇ, ಇಲ್ಲಿ ನಮ್ಮ ಲೆಕ್ಕ ಇದೆ. 1983ರಲ್ಲಿ ಸೇನೆ ಬಿಟ್ಟವರು 1999ರಲ್ಲಿ ಹೈಕೋರ್ಟ್‌ಗೆ ಹೋದ್ರು. ಪಿಂಚಣಿ ಪ್ರತಿ ತಿಂಗಳು ಬರಬೇಕಾದ ಹಣ, ಹಾಗಾಗಿ ಅನ್ಯಾಯವೂ ಪ್ರತಿ ತಿಂಗಳು ಮುಂದುವರಿಯುತ್ತೆ, ತಡವಾಯ್ತು ಅಂತ ಹಕ್ಕೇ ಹೋಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು. ಆದ್ರೆ ಹಿಂಬಾಕಿ ಅರ್ಜಿಗೆ ಮುಂಚಿನ ಮೂರು ವರ್ಷದ್ದು ಮಾತ್ರ. ಉಳಿದ ಹೆಚ್ಚುಕಮ್ಮಿ 13 ವರ್ಷದ ಹಣ ಹೋಯ್ತು.

ಅಂದ್ರೆ ಬಾಗಿಲು ಮುಚ್ಚಲ್ಲ, ಆದ್ರೆ ನಾವು ಸುಮ್ಮನೆ ಕೂತ ಒಂದೊಂದು ತಿಂಗಳಿಗೂ ಹಿಂದಿನ ಒಂದು ತಿಂಗಳ ಹಣ ಕೈಜಾರುತ್ತೆ.

📌 ಈಗ?
2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. ಅಲ್ಲೂ ಅಂತಿಮ ಆದೇಶದಿಂದ ಆರು ತಿಂಗಳ ಗಡುವು. ತಡಕ್ಕೆ ಸರಿಯಾದ ಕಾರಣ ಇದ್ರೆ ಮನ್ನಿಸೋ ಅಧಿಕಾರ ಅದಕ್ಕಿದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಜಾರಿಯಾಗಿದೆ, ಹಾಗಾಗಿ ಸೇನೆ ಬಿಟ್ಟ ದಿನಾಂಕ ಮೊದಲು ನೋಡ್ಕೊಳ್ಳಿ.

ನಿಮ್ಮ ಮನೇಲೋ ಬೀದಿಲೋ ಮಾಜಿ ಸೈನಿಕರಿದ್ರೆ ಒಂದು ಸಲ ಕೂತು ಅವರ ಕಾಗದ ಓದಿ ಹೇಳಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಜೊತೆಗೆ ಹೋಗಿ. ನಾವು ಕಲಿತ ಇಂಗ್ಲಿಷು ಇಷ್ಟಕ್ಕಾದ್ರೂ ಆಗ್ಲಿ.

ಸೋಮವಾರ ಕ್ಲಾಸಿಗೆ ನಾನು ಬರಲ್ಲ, ನೋಟ್ಸ್ ಕಳ್ಸಿ. ದೊಡ್ಡಪ್ಪ ಆಗ್ಲೇ ಟ್ರಂಕ್ ಒರೆಸಿ ಇಟ್ಟಿದಾರೆ.

#ಪಠ್ಯದಲ್ಲಿಲ್ಲದಇತಿಹಾಸ #ಮಾಜಿಸೈನಿಕರು #ಕನ್ನಡ