ಹೆಚ್ಚು ಹೊತ್ತು ಅಭ್ಯಾಸ ಮಾಡಿದರೆ ಸಂಗೀತ ಬರುತ್ತದೆಯೇ?

ಸಂಗೀತ ಕಲಿಯುವ ಮಕ್ಕಳಿಗೆ ಮನೆಯಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಇನ್ನೂ ಒಂದು ಗಂಟೆ ಕೂತು ಅಭ್ಯಾಸ ಮಾಡು. ಯಾವ ವಿದ್ಯೆಯಲ್ಲೇ ಆಗಲಿ ಪಳಗಲು 10,000 ಗಂಟೆ ಬೇಕು ಎಂಬ ಮಾತೂ ಈಗ ಅದಕ್ಕೆ ಸೇರಿಕೊಂಡಿದೆ.

ಈ ಲೆಕ್ಕದ ಮೂಲ, ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ 1993ರಲ್ಲಿ ಪ್ರಕಟಿಸಿದ ಅಧ್ಯಯನ. 2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ಅದನ್ನು ತಮ್ಮ ಪುಸ್ತಕದಲ್ಲಿ ನಿಯಮದಂತೆ ಬರೆದ ಮೇಲೆ ಮನೆಮಾತಾಯಿತು. ನಿಜದಲ್ಲಿ ಅದು ಅತ್ಯುತ್ತಮ ವಿದ್ಯಾರ್ಥಿಗಳು 20ನೇ ವಯಸ್ಸಿನ ಹೊತ್ತಿಗೆ ಮಾಡಿದ್ದ ಅಭ್ಯಾಸದ ಸರಾಸರಿ ಮಾತ್ರ. ದಾಟಿದರೆ ವಿದ್ವಾಂಸರಾಗುವ ಗೆರೆಯಲ್ಲ ಎಂದು ಎರಿಕ್ಸನ್ ಅವರೇ ಹೇಳಿದರು. ಅಂದಹಾಗೆ, ಆ ಉತ್ತಮ ವಿದ್ಯಾರ್ಥಿಗಳು ನಿದ್ದೆಯನ್ನೂ ಹೆಚ್ಚು ಮಾಡುತ್ತಿದ್ದರು. ಅದನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ!

2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮಗೆ ಹೆಚ್ಚು ಉಪಯುಕ್ತ. ಅಮೆರಿಕದ ಟೆಕ್ಸಾಸ್‌ನಲ್ಲಿ 17 ಪಿಯಾನೋ ವಿದ್ಯಾರ್ಥಿಗಳಿಗೆ ಶಾಸ್ಟಕೋವಿಚ್ ಅವರ ಒಂದು ಕೃತಿಯ ಸಣ್ಣ ಭಾಗ ಕೊಟ್ಟು, ತೃಪ್ತಿಯಾಗುವವರೆಗೆ ಅಭ್ಯಾಸ ಮಾಡಲು ಬಿಟ್ಟು, ಮರುದಿನ ನುಡಿಸಲು ಹೇಳಿದರು. ಎಷ್ಟು ಹೊತ್ತು, ಎಷ್ಟು ಸಲ ನುಡಿಸಿದರು ಎಂಬುದಕ್ಕೂ ಮರುದಿನದ ಗುಣಮಟ್ಟಕ್ಕೂ ಸಂಬಂಧ ಕಾಣಲಿಲ್ಲ. ಚೆನ್ನಾಗಿ ನುಡಿಸಿದವರೂ ಕಲಿಯುವಾಗ ತಪ್ಪಿದ್ದರು. ಆದರೆ ತಪ್ಪಿದ ಜಾಗವನ್ನೇ ಹಿಡಿದು, ವೇಗ ತಗ್ಗಿಸಿ, ಸರಿಯಾಗುವವರೆಗೆ ಬಿಟ್ಟಿರಲಿಲ್ಲ.

ನಮ್ಮ ಮಕ್ಕಳು ವರ್ಣ ಹಾಡುವುದನ್ನು ಗಮನಿಸಿ. ಚಿಟ್ಟೆಸ್ವರದಲ್ಲಿ ಎಡವಿದ ಕೂಡಲೇ ಪಲ್ಲವಿಗೆ ಹಿಂತಿರುಗುತ್ತಾರೆ. ಹೀಗೆ 20 ಸಲ ಹಾಡಿದರೆ ಮೊದಲೇ ಬರುತ್ತಿದ್ದ ಪಲ್ಲವಿಗೆ 20 ಸಲ ಅಭ್ಯಾಸವಾಗುತ್ತದೆ, ಚಿಟ್ಟೆಸ್ವರದ ತಪ್ಪಿಗೂ ಅಷ್ಟೇ ಸಲ! ಮರುಕಳಿಸಿದ್ದು ತಪ್ಪಾಗಿದ್ದರೂ ರೂಢಿಯಾಗುತ್ತದೆ. ಅದರ ಬದಲು ಎಡವುವ ನಾಲ್ಕೈದು ಸ್ವರಗಳನ್ನಷ್ಟೇ ತೆಗೆದುಕೊಂಡು, ಶ್ರುತಿ ಹಾಕಿಕೊಂಡು, ನಿಧಾನವಾಗಿ ಹಾಡಿಸಿ. ಸರಿಬಂದ ಮೇಲೆ ಹಿಂದಿನ ಆವರ್ತನದ ಕೊನೆಯಿಂದ ಎತ್ತಿಕೊಂಡು ಜೋಡಿಸಿ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುವ ನಮ್ಮ ಪದ್ಧತಿಯಲ್ಲಿ ಈ ಜಾಣತನ ಆಗಲೇ ಇದೆ. ಒಂದನೇ ಕಾಲವನ್ನು ಬೇಗ ಮುಗಿಸಿಬಿಡುವವರೇ ಮೂರನೇ ಕಾಲದಲ್ಲಿ ತಡವರಿಸುವುದು.

ಹಾಡುವಾಗ ತಾಳ, ಸಾಹಿತ್ಯ ಎಲ್ಲದರ ಮೇಲೂ ಗಮನವಿರುವುದರಿಂದ ಅಪಶ್ರುತಿ ಕಿವಿಗೆ ಬೀಳದೇ ಹೋಗಬಹುದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಗೊತ್ತಾಗುತ್ತದೆ. ಭಾನುವಾರ ಒಂದೇ ಸಮನೆ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ 20 ನಿಮಿಷ ಲೇಸು. ಹಂಚಿಕೊಂಡು ಕಲಿತದ್ದು ಹೆಚ್ಚು ಕಾಲ ನೆನಪಿರುತ್ತದೆ.

ಗಂಟಲು ಒಡೆದ ದಿನ ಮಾತ್ರ ಹಾಡಿಸಲೇಬೇಡಿ. ಊದಿಕೊಂಡ ಧ್ವನಿತಂತುಗಳ ಮೇಲೆ ಒತ್ತಡ ಬಿದ್ದರೆ ತೊಂದರೆ ಹೆಚ್ಚುತ್ತದೆ. ಎರಡು-ಮೂರು ವಾರವಾದರೂ ದನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.